ಮುಂದೆ ಮಗಳ ಸೈಕಲ್, ಹಿಂದೆ ನನ್ನದು

ಡಿಸೆಂಬರ್ ಅರ್ಧ ಕಳೆಯುವ ಹೊತ್ತಿಗೆ ಮುಂಬೈಯ ಮನೆಗಳಲ್ಲಿ ಫ್ಯಾನಿನ ವೇಗ ಐದರಿಂದ ಎರಡಕ್ಕೆ ಇಳಿಯುತ್ತದೆ. ಮುಂಜಾನೆಯ ಲೋಕಲ್ ಹಿಡಿಯುವವರ ಕಿವಿಗೆ ಮಫ್ಲರ್ ಬರುತ್ತದೆ. ಊರಿನವರಿಗೆ ಇದು ಚಳಿಯೇ ಅಲ್ಲ. 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ 7.4 ಡಿಗ್ರಿ ದಾಖಲಾಗಿತ್ತು. ಅದಕ್ಕಿಂತ ಕೆಳಗೆ ಈ ನಗರ ಇಳಿದಿಲ್ಲ. ಮಾಮೂಲಿ ಜನವರಿಯ ಬೆಳಗು ಹದಿನಾರು, ಹದಿನೇಳು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದರೆ ವರ್ಷದ ಉಳಿದ ತಿಂಗಳುಗಳನ್ನು ನೋಡಿ. ಮಾರ್ಚ್‌ನಿಂದ ಜೂನ್‌ವರೆಗೆ ಬೆವರು. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ, ರಸ್ತೆ ತುಂಬ ಗುಂಡಿ. ಅಕ್ಟೋಬರ್‌ನಲ್ಲಿ ಮತ್ತೆ ಧಗೆ. ಮಗುವಿಗೆ ಸೈಕಲ್ ಕಲಿಸಬೇಕು, ಕಲಿತ ಮೇಲೆ ಅದರ ಜೊತೆ ತಾನೂ ಸೈಕಲ್ ಹೊಡೆಯಬೇಕು ಎಂದುಕೊಳ್ಳುವ ಅಪ್ಪ ಅಮ್ಮಂದಿರಿಗೆ ಮುಂಬೈ ಬಿಟ್ಟುಕೊಡುವುದು ನವೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗಿನ ಮೂರು ತಿಂಗಳನ್ನು ಮಾತ್ರ.

ನಾವಿರುವ ವಡಾಲದಲ್ಲಿ ಸೈಕಲ್‌ಗೆ ಬರವಿಲ್ಲ. ಬೆಳಗಾಗುವ ಮೊದಲೇ ಪಾವ್ ಮಾರುವವನು ಹಿಂದಿನ ಕ್ಯಾರಿಯರ್‌ಗೆ ದೊಡ್ಡ ಚೀಲ ಬಿಗಿದುಕೊಂಡು ಬರುತ್ತಾನೆ. ಅವನ ಹಿಂದೆಯೇ ಹಾಲಿನವನು, ಪೇಪರಿನವನು, ಅಲ್ಯೂಮಿನಿಯಂ ಪಾತ್ರೆ ಕಟ್ಟಿಕೊಂಡು ಪೊಂಪೊಂ ಹಾರ್ನ್ ಒತ್ತುವ ಇಡ್ಲಿಯವನು. ಹತ್ತು ಗಂಟೆಯ ಮೇಲೆ ಡಬ್ಬಾವಾಲಾಗಳು. ಇವರೆಲ್ಲ ಟ್ರಕ್ಕು ಬಸ್ಸುಗಳ ಸಂದಿಯಲ್ಲಿ ದಿನವೂ ಸೈಕಲ್ ತುಳಿದೇ ಬದುಕುವವರು. ಅವರಿಗೂ ರಸ್ತೆಯಲ್ಲಿ ಒಂದು ಗೇಣು ಪ್ರತ್ಯೇಕ ಜಾಗವಿಲ್ಲ. ಮಕ್ಕಳ ಸೈಕಲ್‌ಗಳ ಕಥೆಯೇ ಬೇರೆ. ಹುಟ್ಟುಹಬ್ಬಕ್ಕೆ ಬಂದದ್ದು ನಾಲ್ಕು ವಾರ ಕಾಂಪೌಂಡ್‌ನಲ್ಲಿ ಸುತ್ತುತ್ತದೆ. ಕಾಂಪೌಂಡ್‌ನ ಮುಕ್ಕಾಲು ಭಾಗ ಕಾರು ನಿಂತಿರುತ್ತದೆ, ಗೀರು ಬಿದ್ದರೆ ಸೊಸೈಟಿಯಲ್ಲಿ ಜಗಳ. ಆಮೇಲೆ ಸೈಕಲ್ ಮೆಟ್ಟಿಲಿನ ಕೆಳಗೆ ಸೇರುತ್ತದೆ, ಟೈರ್‌ನ ಗಾಳಿ ಇಳಿಯುತ್ತದೆ, ಮಗು ಬೆಳೆಯುತ್ತದೆ. ಹದಿಮೂರು ವರ್ಷವಾದರೂ ಸೈಕಲ್ ಬಾರದ ಮಕ್ಕಳು ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ಅದೇ ಹೊತ್ತಿಗೆ ನಮ್ಮ ಕರ್ನಾಟಕದಲ್ಲಿ ಏನಾಯಿತು ನೋಡಿ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಯೂನಿಫಾರ್ಮ್ ತೊಟ್ಟ ಹುಡುಗಿಯರು ಸಾಲುಗಟ್ಟಿ ಸೈಕಲ್‌ನಲ್ಲಿ ಹೈಸ್ಕೂಲಿಗೆ ಹೋಗುವುದು ಹಳ್ಳಿ ಹಳ್ಳಿಯ ದಿನನಿತ್ಯದ ನೋಟವಾಯಿತು. ಹಣವಿರುವ ನಗರದ ಮಗುವಿಗೆ ಸಿಗದ ಸ್ವಾತಂತ್ರ್ಯ ಅಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ಸಿಕ್ಕಿತು. ನನ್ನ ಮಟ್ಟಿಗೆ ಅದು ಆ ಕಾಲದ ದೊಡ್ಡ ಕೆಲಸಗಳಲ್ಲೊಂದು.

ವಡಾಲದಲ್ಲಿ ಮಗುವಿಗೆ ಸೈಕಲ್ ಕಲಿಸಲು ಜಾಗವಿದೆಯೇ ಎಂದರೆ ಇದೆ, ಹೊತ್ತು ನೋಡಿಕೊಂಡು ಹೋಗಬೇಕು. ಕಿಡ್ವಾಯಿ ರಸ್ತೆಯ ಆಚೆಗೆ, ಕಾತ್ರಕ್ ರಸ್ತೆಯಿಂದ ಮಾಟುಂಗಾ ಕಡೆಗೆ ನಡೆದರೆ ಫೈವ್ ಗಾರ್ಡನ್ಸ್ ಸಿಗುತ್ತದೆ. 1896ರ ಪ್ಲೇಗ್‌ನಿಂದ ತತ್ತರಿಸಿದ ಬೊಂಬಾಯಿಯಲ್ಲಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಜನ ಗಾಳಿ ಬೆಳಕಿನಲ್ಲಿ ಬದುಕಲಿ ಎಂದು ಅದು ದಾದರ್, ಮಾಟುಂಗಾ, ವಡಾಲ, ಸಯಾನ್ ಭಾಗದಲ್ಲಿ ಅಗಲ ರಸ್ತೆಯ ಬಡಾವಣೆಗಳನ್ನು ಗೆರೆ ಹಾಕಿ ರೂಪಿಸಿತು. ಮಂಚೇರ್‌ಜಿ ಜೋಶಿ ಅವರು ಇದರೊಳಗೆ ದಾದರ್ ಪಾರ್ಸಿ ಕಾಲನಿ ಕಟ್ಟಿದರು. ಒಂದೊಂದು ರಸ್ತೆಗೂ ಒಂದೊಂದು ಜಾತಿಯ ಮರ ನೆಡಿಸಿದರು. ಫಿರ್ದೌಸಿ ರಸ್ತೆಗೆ ಮಹಾಗನಿ, ಜಾಮೆ ಜಮ್‌ಶೇದ್ ರಸ್ತೆಗೆ ಅಶೋಕ. ಪಕ್ಕದಲ್ಲೇ 1923ರಲ್ಲಿ ಇಲ್ಲಿಗೆ ಬಂದ ವಿ.ಜೆ.ಟಿ.ಐ. ಕಾಲೇಜು. ಈ ರಸ್ತೆಗಳಿಗೆ ನೆರಳಿದೆ, ಅಗಲವಿದೆ, ಭಾನುವಾರ ಬೆಳಿಗ್ಗೆ ಒಂಬತ್ತರವರೆಗೆ ಗದ್ದಲವೂ ಕಡಿಮೆ. ಮಗು ಬಿದ್ದರೆ ಹಿಂದೆ ಬರುವ ವಾಹನ ನಿಲ್ಲಿಸಲು ಸಮಯ ಸಿಗುವಂಥ ರಸ್ತೆಗಳು ಮುಂಬೈಯಲ್ಲಿ ತೀರ ಅಪರೂಪ.

ಈ ನಗರದ ಪಾರ್ಸಿ ತರುಣರಿಗೂ ಸೈಕಲ್‌ಗೂ ಹಳೆಯ ನಂಟು. 1923ರ ಅಕ್ಟೋಬರ್ 15ರಂದು ಆರು ಮಂದಿ ಪಾರ್ಸಿ ಹುಡುಗರು ಬೊಂಬಾಯಿಯಿಂದ ಸೈಕಲ್ ಹತ್ತಿ ಭೂಮಿ ಸುತ್ತಲು ಹೊರಟರು. ಪರ್ಷಿಯಾ, ಮೆಸೊಪೊಟೇಮಿಯಾ, ಸಿನಾಯ್ ಮರುಭೂಮಿ, ಯುರೋಪ್, ಅಮೆರಿಕ, ಜಪಾನ್, ಕೊರಿಯಾ, ಚೀನಾ, ಬರ್ಮಾ ದಾಟಿ 1928ರ ಮಾರ್ಚ್‌ನಲ್ಲಿ ಮೂವರು ವಾಪಸ್ಸಾದರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ. ತುಳಿದ ದೂರ 44,000 ಮೈಲಿ. ಅವರು ಬರೆದ ಪುಸ್ತಕಕ್ಕೆ ಮುನ್ನುಡಿ ಜವಾಹರಲಾಲ್ ನೆಹರೂ ಅವರದು. ಮಗಳಿಗೆ ಈ ಕಥೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ: “ಪಂಕ್ಚರ್ ಆದ್ರೆ ಏನ್ಮಾಡ್ತಿದ್ರು?”

ನಮ್ಮ ಕಾಲದಲ್ಲಿ ಕಲಿಕೆ ಬಾಡಿಗೆ ಸೈಕಲ್‌ನಲ್ಲಿ. ಗಂಟೆಯ ಲೆಕ್ಕ, ಅಂಗಡಿಯವನು ಪುಸ್ತಕದಲ್ಲಿ ಹೊತ್ತು ಬರೆದುಕೊಳ್ಳುತ್ತಿದ್ದ. ಸೈಕಲ್ ದೊಡ್ಡವರದು, ಸೀಟು ನಮ್ಮ ಎದೆಮಟ್ಟ. ಅದಕ್ಕೇ ಒಳಪೆಡಲ್: ಬಾರ್‌ನ ಕೆಳಗಿನಿಂದ ಒಂದು ಕಾಲು ತೂರಿಸಿ, ಮೈಯನ್ನು ಒಂದು ಬದಿಗೆ ಜೋಲಿಸಿ, ಅರ್ಧರ್ಧ ಪೆಡಲ್ ತುಳಿಯುವುದು. ಅದಾದ ಮೇಲೆ ಬಾರ್ ಮೇಲೆ, ಕೊನೆಗೆ ಸೀಟಿನ ಮೇಲೆ. ಅಣ್ಣನೋ ಮಾವನೋ ಹಿಂದಿನಿಂದ ಸೀಟು ಹಿಡಿದು ಓಡುತ್ತ, ಹೇಳದೆ ಕೇಳದೆ ಕೈ ಬಿಡುತ್ತಿದ್ದರು. ಮಂಡಿ ತರಚಿದ್ದಕ್ಕೆ ಲೆಕ್ಕವಿಲ್ಲ. ಆ ಕಲಿಕೆಗೆ ತನ್ನದೇ ಕೆಚ್ಚಿತ್ತು, ಅದನ್ನು ನಾನು ಕೀಳು ಮಾಡುವುದಿಲ್ಲ. ಆದರೆ ಇವತ್ತು ಮಗುವಿನ ಅಳತೆಗೇ ಸೈಕಲ್ ಸಿಗುವಾಗ ಕಲಿಸುವ ಕ್ರಮ ಬದಲಾಗಲೇಬೇಕು.

ಮೊದಲು ಬಿಡಬೇಕಾದ್ದು ಹಿಂದಿನ ಚಕ್ರದ ಎರಡು ಬದಿಗೆ ಹಾಕುವ ಪುಟ್ಟ ಸಪೋರ್ಟ್ ಚಕ್ರಗಳನ್ನು. ಅಂಗಡಿಯವರು ಸೈಕಲ್ ಜೊತೆಗೇ ಕೊಡುತ್ತಾರೆ, ನಾವು ಬೇಡ ಎನ್ನುವುದಿಲ್ಲ. ಅವು ಮಗುವನ್ನು ಬೀಳದಂತೆ ಕಾಯುತ್ತವೆ, ನಿಜ. ಸೈಕಲ್ ಕಲಿಯದಂತೆಯೂ ಕಾಯುತ್ತವೆ. ಸೈಕಲ್ ಓಡುವುದೇ ವಾಲುವುದರಿಂದ. ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೇ ತಿರುಗಬೇಕು, ಆಗ ಚಕ್ರಗಳು ಮೈಯ ಕೆಳಗೆ ಬಂದು ಸೈಕಲ್ ಮತ್ತೆ ನೆಟ್ಟಗಾಗುತ್ತದೆ. ದೊಡ್ಡವರು ಇದನ್ನು ಕ್ಷಣಕ್ಷಣಕ್ಕೂ ಅರಿವಿಲ್ಲದೆ ಮಾಡುತ್ತಿರುತ್ತಾರೆ. ತಿರುಗುವ ಚಕ್ರದ ಬುಗುರಿಯಂಥ ಗುಣವೇ ಸೈಕಲನ್ನು ನಿಲ್ಲಿಸುತ್ತದೆ ಎಂದು ಬಹಳ ಕಾಲ ನಂಬಿದ್ದರು. 2011ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಆ ಗುಣವನ್ನು ಪೂರ್ತಿ ತೆಗೆದುಹಾಕಿದ ಒಂದು ಸೈಕಲ್ ಕಟ್ಟಿದರು. ಅದು ಸವಾರನಿಲ್ಲದೆಯೂ ಬೀಳದೆ ಓಡಿತು. ಬೀಳುವ ಕಡೆಗೆ ತಿರುಗುವುದೇ ಮುಖ್ಯ ಎಂಬುದು ಅದರಿಂದ ಗಟ್ಟಿಯಾಯಿತು. ಸಪೋರ್ಟ್ ಚಕ್ರ ಹಾಕಿದ ಸೈಕಲ್‌ಗೆ ವಾಲಲು ಬರುವುದಿಲ್ಲ, ಹಾಗಾಗಿ ಮಗು ಕಲಿಯಬೇಕಾದ ಒಂದೇ ಒಂದು ಪಾಠ ಅಲ್ಲಿ ಸಿಗುವುದಿಲ್ಲ.

ನಾವು ಮಾಡಿದ್ದು ಪೆಡಲ್ ಬಿಚ್ಚಿದ್ದು. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಮಾಡಿದ ಮೊದಲ ಎರಡು ಚಕ್ರದ ಗಾಡಿಗೂ ಪೆಡಲ್ ಇರಲಿಲ್ಲ, ನೆಲವನ್ನು ಕಾಲಿನಿಂದ ಒದ್ದು ಓಡಿಸುವಂಥದ್ದು. ಮಗುವಿನ ಹದಿನಾರು ಇಂಚಿನ ಸೈಕಲನ್ನೂ ಹಾಗೇ ಮಾಡಿಕೊಳ್ಳಬಹುದು. ಪಂಕ್ಚರ್ ಅಂಗಡಿಯ ಚಾಚಾ ಹದಿನೈದರ ಸ್ಪ್ಯಾನರ್ ತೆಗೆದ. ಬಲಗಡೆಯ ಪೆಡಲ್ ಎಲ್ಲ ನಟ್‌ಗಳಂತೆ ಸಡಿಲಾಯಿತು. ಎಡಗಡೆಯದಕ್ಕೆ ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ. ತುಳಿಯುವಾಗ ತಾನಾಗಿ ಸಡಿಲವಾಗದಿರಲಿ ಎಂದು ಈ ಏರ್ಪಾಡು. ಮನೆಯಲ್ಲೇ ಬಿಚ್ಚುವವರು ಇದನ್ನು ನೆನಪಿಡಬೇಕು. ಬಲ ಹಾಕಿ ತಪ್ಪು ದಿಕ್ಕಿಗೆ ತಿರುಗಿಸಿದರೆ ಕ್ರ್ಯಾಂಕ್‌ನ ಥ್ರೆಡ್ಡೇ ಹೋಗುತ್ತದೆ. ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಪೆಡಲ್‌ಗಳನ್ನು ಹಿಡಿದು, ಒಂದರ ತುದಿಗೆ ‘ಎಲ್’, ಇನ್ನೊಂದಕ್ಕೆ ‘ಆರ್’ ಎಂದು ಕೊರೆದಿದ್ದನ್ನು ಹುಡುಕಿ ತೋರಿಸಿದಳು. ಚಾಚಾ ಸೀಟನ್ನು ಕೊನೆಯ ಗುರುತಿನವರೆಗೆ ಇಳಿಸಿದ. ಎರಡೂ ಪಾದ ನೆಲಕ್ಕೆ ಚಪ್ಪಟೆಯಾಗಿ ತಾಗಬೇಕು, ಮಂಡಿ ಸ್ವಲ್ಪ ಮಡಚಿರಬೇಕು. ಆಮೇಲೆ ಬ್ರೇಕ್. ಮಕ್ಕಳ ಸೈಕಲ್‌ಗಳ ದೊಡ್ಡ ದೋಷ ಇಲ್ಲಿದೆ: ಬ್ರೇಕಿನ ಹಿಡಿ ಎಷ್ಟು ದೂರವೆಂದರೆ ಮಗುವಿನ ಬೆರಳಿನ ತುದಿ ಮಾತ್ರ ಅದಕ್ಕೆ ಸಿಗುತ್ತದೆ. ಹಿಡಿಯ ಬುಡದಲ್ಲಿ ಸಣ್ಣ ಸ್ಕ್ರೂ ಇದ್ದರೆ ಅದನ್ನು ತಿರುಗಿಸಿ ಹತ್ತಿರಕ್ಕೆ ತರಬಹುದು. ಚಾಚಾ ತಂತಿಯನ್ನೂ ಸ್ವಲ್ಪ ಬಿಗಿದು, ಮಗಳ ಬೆರಳಿನ ಎರಡನೆಯ ಗೆಣ್ಣು ಹಿಡಿಯ ಮೇಲೆ ಕೂರುವವರೆಗೆ ಬಿಡಲಿಲ್ಲ. ಬ್ರೇಕ್ ಹಿಡಿಯಲು ಬಾರದ ಮಗುವನ್ನು ಯಾವ ರಸ್ತೆಗೂ ಇಳಿಸಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರದ ಬ್ರೇಕ್, ಎಡಗೈಯದು ಹಿಂದಿನದು. ಎಡಗೈಯದನ್ನು ಮೊದಲು ರೂಢಿ ಮಾಡಿಸಿ, ಎರಡನ್ನೂ ಒಟ್ಟಿಗೆ ಹಿಡಿಯುವುದನ್ನು ಆಮೇಲೆ ಹೇಳಿಕೊಡಬೇಕು.

ಪೆಡಲ್ ಇಲ್ಲದ ಸೈಕಲ್ ಮೇಲೆ ಮಗು ಮೊದಲು ನಡೆಯುತ್ತದೆ, ಆಮೇಲೆ ಓಡುತ್ತದೆ, ಒಂದು ದಿನ ಎರಡೂ ಕಾಲು ಮೇಲೆತ್ತಿ ತೇಲುತ್ತದೆ. ಯಾರೂ ಹಿಡಿಯಬೇಕಿಲ್ಲ, ಯಾರೂ ಮೋಸದಿಂದ ಕೈ ಬಿಡಬೇಕಿಲ್ಲ. ಹೆದರಿಕೆಯಾದರೆ ಕಾಲು ಊರುವುದು ಮಗುವಿನ ಕೈಯಲ್ಲೇ ಇದೆ. ಈ ನೆಮ್ಮದಿಯ ಮೇಲೆ ಕಲಿಕೆ ಬಲು ಬೇಗ ಕೂರುತ್ತದೆ. ಸ್ವಲ್ಪವೇ ಇಳಿಜಾರಿರುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಕಾಲು ಎತ್ತಿ ತಿರುವು ತೆಗೆದುಕೊಳ್ಳುವಷ್ಟು ಧೈರ್ಯ ಬಂದ ಮೇಲೆ ಪೆಡಲ್ ಮತ್ತೆ ಹಾಕಿಸಿ. ಆಗ ಮಗು ಕಲಿಯಬೇಕಾದ್ದು ತುಳಿಯುವುದನ್ನು ಮಾತ್ರ, ಅದು ಕಷ್ಟದ್ದಲ್ಲ. ಕಣ್ಣು ಎಲ್ಲಿ ನೋಡುತ್ತದೋ ಸೈಕಲ್ ಅಲ್ಲಿಗೆ ಹೋಗುತ್ತದೆ. ಗುಂಡಿ ನೋಡಿದರೆ ಗುಂಡಿಗೇ. ಆದ್ದರಿಂದ ‘ಗುಂಡಿ ಇದೆ, ಜೋಕೆ’ ಎಂದು ಕೂಗುವುದಕ್ಕಿಂತ ‘ಆ ಮರದ ಕಡೆ ನೋಡು’ ಎನ್ನುವುದು ಉಪಯೋಗದ ಮಾತು. ಹೆಲ್ಮೆಟ್ ಹಣೆಯ ಮೇಲೆ ಬರಬೇಕು, ಹುಬ್ಬಿಗೂ ಅದಕ್ಕೂ ಎರಡು ಬೆರಳಿನ ಅಂತರ. ಹಿಂದಕ್ಕೆ ಜಾರಿಸಿ ಟೋಪಿಯಂತೆ ಹಾಕಿಕೊಂಡರೆ ಅದು ಇದ್ದೂ ಇಲ್ಲದ ಹಾಗೆ.

ಮಗುವಿಗೆ ಸೈಕಲ್ ಬಂತು ಎಂದಲ್ಲಿಗೆ ಬಹುತೇಕ ಅಪ್ಪ ಅಮ್ಮಂದಿರ ಕೆಲಸ ಮುಗಿಯುತ್ತದೆ. ನಾನು ಹೇಳಬೇಕೆಂದಿರುವುದು ಅಲ್ಲಿಂದ ಮುಂದಿನದು. ಸೈಕಲ್ ಓಡಿಸಲು ಬರುವುದು ಬೇರೆ, ರಸ್ತೆಯಲ್ಲಿ ಓಡಿಸಲು ಬರುವುದು ಬೇರೆ. ಎರಡನೆಯದನ್ನು ಬಾಯಲ್ಲಿ ಹೇಳಿ ಕಲಿಸಲಾಗದು, ಜೊತೆಗೆ ಸೈಕಲ್ ಹೊಡೆದೇ ಕಲಿಸಬೇಕು. ದೊಡ್ಡವರಿಗೂ ಒಂದು ಸೈಕಲ್ ಬೇಕು. ದುಬಾರಿಯದು ಬೇಡ, ಗೇರ್ ಬೇಡ, ಬೆಲ್ ಮತ್ತು ಬ್ರೇಕ್ ಇದ್ದರೆ ಸಾಕು.

ಜೊತೆಗೆ ಹೋಗುವಾಗ ಯಾರು ಮುಂದೆ? ದೊಡ್ಡವರು ಮುಂದೆ ಹೋಗಿ ಮಗುವನ್ನು ಹಿಂದೆ ಕರೆದುಕೊಂಡು ಹೋಗುವುದೇ ಸಹಜ ಅನ್ನಿಸುತ್ತದೆ. ಅದು ತಪ್ಪು. ಹಿಂದೆ ಇರುವ ಮಗು ನಮಗೆ ಕಾಣುವುದಿಲ್ಲ, ನಮ್ಮ ವೇಗಕ್ಕೆ ಏದುಸಿರು ಬಿಡುತ್ತ ಬರುತ್ತದೆ, ಹಿಂದಿನಿಂದ ಬರುವ ಕಾರಿಗೂ ಅದಕ್ಕೂ ನಡುವೆ ಏನೂ ಇರುವುದಿಲ್ಲ. ಮಗು ಮುಂದಿರಬೇಕು, ನಾವು ಒಂದೂವರೆ ಸೈಕಲ್‌ನಷ್ಟು ಹಿಂದೆ, ಅದಕ್ಕಿಂತ ಒಂದು ಮಾರು ಬಲಕ್ಕೆ. ನಮ್ಮ ರಸ್ತೆಗಳಲ್ಲಿ ಎಡಬದಿಯ ಸಂಚಾರ; ಬಲಕ್ಕಿರುವವರು ವಾಹನಗಳ ಕಡೆಗಿರುತ್ತಾರೆ. ಹಿಂದೆ ಬರುವ ಡ್ರೈವರ್‌ಗೆ ಮೊದಲು ಕಾಣುವುದು ನಾವು. ಅವನು ನಮ್ಮನ್ನು ಬಳಸಿ ಹೋದರೆ ಮಗುವನ್ನೂ ಬಳಸಿಯೇ ಹೋಗುತ್ತಾನೆ. ತಿರುವಿನಲ್ಲಿ, ಅಡ್ಡರಸ್ತೆಯಲ್ಲಿ ಮಗುವಿನ ಪಕ್ಕಕ್ಕೆ ಬಂದು, ಆ ಕಡೆಯ ವಾಹನಕ್ಕೆ ಅಡ್ಡವಾಗಿ ನಿಂತು ದಾಟಿಸಬೇಕು. ನಿಂತ ಕಾರುಗಳಿಂದ ಒಂದು ಬಾಗಿಲಿನ ಅಗಲ ಬಿಟ್ಟೇ ಹೋಗಬೇಕು. ಪಾರ್ಕಿಂಗ್‌ನ ಕಾರಿನ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೆ ಎಂದು ಹೇಳಲಾಗದು. ಒಳಗೆ ತಲೆ ಕಾಣುತ್ತಿದೆಯೇ ಎಂದು ನೋಡುವುದನ್ನು ಮಗಳು ಈಗ ಆಟದಂತೆ ಮಾಡುತ್ತಾಳೆ.

ಈ ಕ್ರಮದಲ್ಲಿ ವೇಗ ಮಗುವಿನದು. ನಮಗೆ ಇದು ಕಷ್ಟ. ಇಡೀ ವಾರ ಮುಂಬೈ ನಮ್ಮನ್ನು ಓಡಿಸಿರುತ್ತದೆ. ಭಾನುವಾರ ಎಲೆ ಹೆಕ್ಕಲು ನಿಲ್ಲುವ, ಬೆಕ್ಕು ಕಂಡರೆ ನಿಲ್ಲುವ, ಸುಮ್ಮನೆಯೂ ನಿಲ್ಲುವ ಏಳು ವರ್ಷದವಳ ಹಿಂದೆ ಪೆಡಲ್ ತಡೆದು ತಡೆದು ಹೋಗಬೇಕು. ಹೋಗಲೇಬೇಕು. ಹಿಂದೆ ಇದ್ದಾಗಲೇ ನಮಗೆ ಅವಳ ರಸ್ತೆ ಕಾಣುವುದು: ಸ್ಪೀಡ್ ಬ್ರೇಕರ್ ಎಷ್ಟು ದೂರದಲ್ಲಿದ್ದಾಗ ಅವಳು ತುಳಿಯುವುದನ್ನು ನಿಲ್ಲಿಸುತ್ತಾಳೆ, ಯಾರಾದರೂ ಹಾರ್ನ್ ಹೊಡೆದರೆ ಎತ್ತ ವಾಲುತ್ತಾಳೆ, ಹಿಂದಕ್ಕೆ ತಿರುಗಿ ನೋಡುವಾಗ ಹ್ಯಾಂಡಲ್ ಅಲುಗುತ್ತದೆಯೇ.

“ಅಮ್ಮಾ, ಹಿಂದೆ ಇದ್ದೀಯಾ?”

“ಇದ್ದೇನೆ. ನೀನು ಮುಂದೆ ನೋಡು.”

“ಬಲಕ್ಕೆ ತಿರುಗಲಾ?”

“ನೀನೇ ಹೇಳು, ಯಾರಾದರೂ ಬರ್ತಿದ್ದಾರಾ?”

ಈ ಕೊನೆಯ ಪ್ರಶ್ನೆಯನ್ನು ನಾನು ಬೇಕೆಂದೇ ಕೇಳುತ್ತೇನೆ, ಉತ್ತರ ಏನೇ ಬಂದರೂ ನನ್ನ ಕಣ್ಣಿನಿಂದ ನೋಡಿಯೇ ತೀರ್ಮಾನ ಮಾಡುತ್ತೇನೆ. ಯಾಕೆಂದರೆ ವಾಹನ ಬರುತ್ತಿದೆಯೇ ಎಂದು ಮಗು ಹೇಳಬಲ್ಲದು, ಎಷ್ಟು ವೇಗವಾಗಿ ಬರುತ್ತಿದೆ ಎಂದು ಹೇಳಲಾರದು. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಗಂಟೆಗೆ ಸುಮಾರು 32 ಕಿ.ಮೀ.ಗಿಂತ ವೇಗವಾಗಿ ಎದುರು ಬರುವ ವಾಹನವನ್ನು ಪ್ರಾಥಮಿಕ ಶಾಲೆಯ ಮಕ್ಕಳ ದೃಷ್ಟಿ ಸರಿಯಾಗಿ ಅಳೆಯಲಾರದು. ಎದುರಿನ ಆಕೃತಿ ದೊಡ್ಡದಾಗುತ್ತ ಬರುವ ಬಗೆಯಿಂದ ವೇಗ ಊಹಿಸುವ ಶಕ್ತಿ ಆ ವಯಸ್ಸಿನಲ್ಲಿ ಇನ್ನೂ ಬಲಿತಿರುವುದಿಲ್ಲ. ‘ನೋಡಿಕೊಂಡು ದಾಟು ಎಂದಿದ್ದೆನಲ್ಲ’ ಎಂದು ಮಗುವನ್ನು ಗದರುವವರು ಇದನ್ನು ತಿಳಿದಿರಬೇಕು. ಮಗುವಿನ ಕಣ್ಣಿಗೆ ಆಗದ ಕೆಲಸವನ್ನು ಗದರಿಕೆಯಿಂದ ಮಾಡಿಸಲಾಗದು. ವಾಹನದ ವೇಗವನ್ನೇ ಇಳಿಸಬೇಕು, ಇಲ್ಲವೇ ಮಗುವಿನ ದಾರಿಯನ್ನು ಬೇರೆ ಮಾಡಬೇಕು.

ಇನ್ನು ಗಾಳಿಯ ಮಾತು. ಇದನ್ನು ಮರೆಮಾಚಿ ಚಳಿಗಾಲದ ಸೈಕಲ್ ಸವಾರಿಯನ್ನು ಹೊಗಳುವುದು ಮಕ್ಕಳಿಗೆ ಮಾಡುವ ದ್ರೋಹ. ಮೈಗೆ ಹಿತವಾದ ಈ ಮೂರು ತಿಂಗಳೇ ಶ್ವಾಸಕೋಶಕ್ಕೆ ಮುಂಬೈಯ ಅತ್ಯಂತ ಕೆಟ್ಟ ತಿಂಗಳುಗಳು. ರಾತ್ರಿ ನೆಲ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ತಂಪು, ಮೇಲಿನದು ಬೆಚ್ಚಗೆ. ಹೀಗಾದಾಗ ಕೆಳಗಿನ ಗಾಳಿ ಮೇಲೇರುವುದಿಲ್ಲ, ಹೊಗೆ ದೂಳು ಎಲ್ಲ ನಾವು ಉಸಿರಾಡುವ ಮಟ್ಟದಲ್ಲೇ ಉಳಿಯುತ್ತದೆ. ಬೇರೆ ಕಾಲದಲ್ಲಿ ಇದನ್ನು ಗುಡಿಸಿಕೊಂಡು ಹೋಗುವ ಕಡಲಗಾಳಿ ಚಳಿಗಾಲದಲ್ಲಿ ತಡವಾಗಿ ಏಳುತ್ತದೆ. ವಡಾಲದ ಸುತ್ತ ದೂಳಿಗೆ ಕೊರತೆಯೂ ಇಲ್ಲ: ಟ್ರಕ್ ಟರ್ಮಿನಲ್, ಬಂದರಿಗೆ ಹೋಗುವ ಲಾರಿಗಳು, ಕಾಸರ್‌ವಡವಲಿಗೆ ಹೋಗುವ ನಾಲ್ಕನೆಯ ಮೆಟ್ರೊ ಮಾರ್ಗದ ಕಾಮಗಾರಿ, ಹಳೆ ಬಿಲ್ಡಿಂಗ್ ಕೆಡವಿ ಏಳುತ್ತಿರುವ ಗೋಪುರಗಳು. 2023ರ ಅಕ್ಟೋಬರ್‌ನಲ್ಲಿ ಗಾಳಿ ತೀರ ಹದಗೆಟ್ಟಾಗ ಹೈಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು, ಕಟ್ಟಡದ ಜಾಗಗಳಿಗೆ ಎತ್ತರದ ತಗಡಿನ ಬೇಲಿ, ನೀರು ಚಿಮುಕಿಸುವುದು ಇತ್ಯಾದಿ ನಿಯಮಗಳನ್ನು ಪಾಲಿಕೆ ಹೊರಡಿಸಿತು. ನಿಯಮ ಬಂದ ಮೇಲೂ ತಗಡಿನ ಬೇಲಿಯಿಲ್ಲದೆ ಸಿಮೆಂಟ್ ಇಳಿಸುವ ಜಾಗಗಳನ್ನು ನಾನು ನೋಡಿದ್ದೇನೆ.

ಹಾಗಾದರೆ ಮಾಡುವುದೇನು? ಬೆಳಿಗ್ಗೆ ಐದೂವರೆಗೆ ಏಳುವ ದೊಡ್ಡವರ ಸೈಕಲ್ ಗುಂಪುಗಳ ಹೊತ್ತು ಮಕ್ಕಳಿಗೆ ಸಲ್ಲದು. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳೂಕಾಲಿಗೆ. ಅದಕ್ಕೆ ಮುಂಚೆ ಕತ್ತಲೆಯೂ ಇರುತ್ತದೆ, ಹೊಗೆಯೂ ಇರುತ್ತದೆ. ಬಿಸಿಲೇರಿದಂತೆ ನೆಲ ಕಾಯುತ್ತದೆ, ಗಾಳಿ ಮೇಲೇಳುತ್ತದೆ. ಗಾಳಿ ಹೆಚ್ಚು ಕಡಿಮೆ ಚೊಕ್ಕಟವಾಗಿರುವುದು ಮಧ್ಯಾಹ್ನದ ಮೇಲೆ, ಕಡಲ ಕಡೆಯಿಂದ ಬೀಸತೊಡಗಿದಾಗ. ಹಾಗಾಗಿ ಶಾಲೆ ಮುಗಿದ ಮೇಲೆ ನಾಲ್ಕೂವರೆಯಿಂದ ಆರರೊಳಗಿನ ಹೊತ್ತು ಗಾಳಿಯ ದೃಷ್ಟಿಯಿಂದ ಒಳ್ಳೆಯದು, ಸಂಚಾರದ ದೃಷ್ಟಿಯಿಂದ ಕೆಟ್ಟದ್ದು. ಭಾನುವಾರ ಬೆಳಿಗ್ಗೆ ಎಂಟು ಗಂಟೆ ಇವೆರಡರ ನಡುವಿನ ರಾಜಿ. ಹೊರಡುವ ಮುಂಚೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಗಾಳಿಯ ಸೂಚ್ಯಂಕ ನೋಡುವುದು ನಮ್ಮ ಮನೆಯ ನಿಯಮ. ನೂರರವರೆಗೆ ತೃಪ್ತಿಕರ. ನೂರರಿಂದ ಇನ್ನೂರು ಮಧ್ಯಮ. ಅಂಥ ದಿನ ಹತ್ತಿರದಲ್ಲೇ ಮೆಲ್ಲಗೆ ಒಂದು ಸುತ್ತು. ಇನ್ನೂರು ದಾಟಿದರೆ ಕಳಪೆ. ಅಂಥ ದಿನ ಸೈಕಲ್ ಇಳಿಸುವುದಿಲ್ಲ, ಮಗಳು ಅತ್ತರೂ. ಮೈತೂಕದ ಲೆಕ್ಕದಲ್ಲಿ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿ ಒಳಕ್ಕೆಳೆದುಕೊಳ್ಳುತ್ತದೆ. ಸೈಕಲ್ ತುಳಿಯುವಾಗ ಅದು ಇನ್ನೂ ಹೆಚ್ಚು.

ಸುತ್ತು ಮುಗಿದ ಮೇಲೆ ಹಸಿವು. ಅದಕ್ಕೆ ಮಾಟುಂಗಾ ಇದೆ. 1936ರಿಂದ ನಡೆಯುತ್ತಿರುವ ಕೆಫೆ ಮೈಸೂರು, 1940ರ ಕೆಫೆ ಮದ್ರಾಸ್, ಸ್ಟೇಷನ್ ಬದಿಯ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಭಾನುವಾರ ಎಲ್ಲ ಕಡೆ ಸಾಲು ನಿಲ್ಲಬೇಕು. ಸೈಕಲ್‌ಗಳನ್ನು ಕಂಬಕ್ಕೆ ಸರಪಳಿ ಹಾಕಿ ಕಟ್ಟಿ ನಿಂತರೆ ಸಾಲಿನಲ್ಲಿ ಕನ್ನಡ, ತುಳು, ಕೊಂಕಣಿ ಎಲ್ಲ ಕಿವಿಗೆ ಬೀಳುತ್ತದೆ. ಅಲ್ಲಿ ಸಿಗುವ ಹಿರಿಯರು ಮಗಳ ಹೆಲ್ಮೆಟ್ ನೋಡಿ ತಾವು ಕಾರ್ಕಳದಲ್ಲೋ ಕುಂದಾಪುರದಲ್ಲೋ ಒಳಪೆಡಲ್ ಕಲಿತ ಕಥೆ ತೆಗೆಯುತ್ತಾರೆ. ಮಂಗಳೂರು ಬಿಟ್ಟು ಹೋಟೆಲ್ ಕೆಲಸಕ್ಕೆ ಬಂದ ಎಷ್ಟೋ ಜನ ಮೊದಲ ವರ್ಷಗಳಲ್ಲಿ ಸಾಮಾನು ತರುತ್ತಿದ್ದುದು ಸೈಕಲ್‌ನಲ್ಲೇ. ಅವರ ಮೊಮ್ಮಕ್ಕಳಿಗೆ ಸೈಕಲ್ ಬರುವುದಿಲ್ಲ ಎಂದು ಅವರೇ ಬೇಸರ ಪಡುತ್ತಾರೆ.

ಸ್ವಲ್ಪ ದೊಡ್ಡ ಮಕ್ಕಳಾದರೆ, ಹತ್ತು ವರ್ಷ ದಾಟಿದ್ದು ಇಪ್ಪತ್ತನಾಲ್ಕು ಇಂಚಿನ ಸೈಕಲ್ ಇದ್ದರೆ, ಶಿವಡಿಗೆ ಹೋಗಬಹುದು. ಹಾರ್ಬರ್ ಲೈನಿನಲ್ಲಿ ವಡಾಲದ ಮುಂದಿನ ಸ್ಟೇಷನ್ ಅದು. ಚಳಿಗಾಲದಲ್ಲಿ ಶಿವಡಿಯ ಕೆಸರುದಂಡೆಗೆ ಫ್ಲೆಮಿಂಗೊ ಬರುತ್ತವೆ. ನೀರಿಳಿತದ ಹೊತ್ತು ನೋಡಿಕೊಂಡು ಹೋಗಬೇಕು, ಭರತದಲ್ಲಿ ಕೆಸರೂ ಕಾಣದು, ಹಕ್ಕಿಯೂ ಕಾಣದು. ವಾರದ ದಿನಗಳಲ್ಲಿ ಅಲ್ಲಿಗೆ ಹೋಗುವ ಬಂದರು ರಸ್ತೆಗೆ ಮಗುವನ್ನು ಕರೆದೊಯ್ಯಲೇಬಾರದು, ಟ್ರೇಲರ್ ಲಾರಿಗಳದ್ದೇ ರಾಜ್ಯ. ದಂಡೆಯಲ್ಲಿ ನಿಂತರೆ ತಲೆಯ ಮೇಲೆ 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಕಾಣುತ್ತದೆ, 21.8 ಕಿ.ಮೀ. ಉದ್ದ. ಅದರ ಮೇಲೆ ಸೈಕಲ್‌ಗೆ ಪ್ರವೇಶವಿಲ್ಲ. ವಡಾಲದ ಪಕ್ಕದಲ್ಲೇ ಹಾದುಹೋಗುವ ಪೂರ್ವದ ಫ್ರೀವೇಯಲ್ಲೂ ಇಲ್ಲ, ಬಾಂದ್ರಾ ವರ್ಲಿ ಸೇತುವೆಯಲ್ಲೂ ಇಲ್ಲ, ಕೋಸ್ಟಲ್ ರಸ್ತೆಯಲ್ಲೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ನಗರ ಸಾವಿರಾರು ಕೋಟಿ ಸುರಿದು ಕಟ್ಟಿದ ದೊಡ್ಡ ದಾರಿಗಳೆಲ್ಲ ಕಾರಿನವರಿಗೆ.

ಸೈಕಲ್‌ಗೆಂದು ಕಟ್ಟಿದ್ದು ಏನಾಯಿತು? ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ 2011ರಲ್ಲಿ 13 ಕಿ.ಮೀ. ಸೈಕಲ್ ಪಥ ಮಾಡಿದರು. ಅದರ ಮೇಲೆ ಬೈಕು ಕಾರು ನಿಂತವು. ಕೊನೆಗೆ ಅದನ್ನೇ ಕಿತ್ತು ವಾಹನಗಳಿಗೆ ರಸ್ತೆ ಅಗಲ ಮಾಡುವ ಕೆಲಸಕ್ಕೆ 2025ರಲ್ಲಿ ಕೈ ಹಾಕಿದರು. ತಾನ್ಸಾ ನೀರಿನ ಕೊಳವೆಯ ಬದಿಯಲ್ಲಿ 39 ಕಿ.ಮೀ. ಸೈಕಲ್ ದಾರಿ ಮಾಡುವುದಾಗಿ ಪಾಲಿಕೆ ಹೇಳಿತ್ತು. ಮುಲುಂಡ್‌ನಿಂದ ಸಯಾನ್ ಕಡೆಗೆ ವಾಹನಗಳ ಕಾಟವಿಲ್ಲದೆ ಮಕ್ಕಳು ಬರಬಹುದಾಗಿದ್ದ ದಾರಿ ಅದು. ಅಲ್ಲೊಂದು ತುಂಡು ಇಲ್ಲೊಂದು ತುಂಡು ಆಗಿರುವುದು ಬಿಟ್ಟರೆ ಒಂದು ಮಗು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಹೋಗುವಂತಾಗಿಲ್ಲ.

ಮಕ್ಕಳ ಸೈಕಲ್‌ಗೆ ಊರು ಬದಲಾಗುವುದುಂಟು. ನೆದರ್ಲೆಂಡ್ಸ್ ಇವತ್ತು ಸೈಕಲ್‌ಗಳ ದೇಶ. ಅದು ಹುಟ್ಟಿನಿಂದ ಹಾಗಿರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 3,300 ಮಂದಿ, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಶುರುವಾಗಿ ಅಪ್ಪ ಅಮ್ಮಂದಿರು ಬೀದಿಗಿಳಿದರು, ರಸ್ತೆಗಳನ್ನು ಅಡ್ಡಗಟ್ಟಿ ಕೂತರು. ಅದರ ಒತ್ತಾಯಕ್ಕೇ ಸೈಕಲ್ ಪಥಗಳು ಬಂದವು. ಫಿನ್ಲೆಂಡಿನ ಔಲು ಎಂಬ ಊರಿನಲ್ಲಿ ಹಿಮ ಬಿದ್ದ ಮೇಲೂ ಮಕ್ಕಳು ಸೈಕಲ್‌ನಲ್ಲೇ ಶಾಲೆಗೆ ಹೋಗುತ್ತಾರೆ. ಪಾಲಿಕೆ ಸೈಕಲ್ ದಾರಿಯ ಹಿಮವನ್ನು ತಪ್ಪದೆ ಗುಡಿಸುತ್ತದೆ ಎಂಬುದೇ ಅದರ ಗುಟ್ಟು. ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ಭಾನುವಾರ ಬೆಳಿಗ್ಗೆ ದೊಡ್ಡ ರಸ್ತೆಗಳನ್ನು ಮುಚ್ಚಿ ಜನರಿಗೆ ಬಿಟ್ಟುಕೊಡುತ್ತಾರೆ, ಈಗ ಅದು ನೂರು ಕಿಲೋಮೀಟರ್ ದಾಟಿದೆ. ಹಿಮವಿಲ್ಲದ, ಕೊರೆಯುವ ಚಳಿಯಿಲ್ಲದ ಮುಂಬೈಗೆ ನೆಪ ಹೇಳಲು ಬಾಯಿಲ್ಲ.

ಮುಂಬೈಗೆ ಇದು ಹೊಸದೂ ಅಲ್ಲ. 2022ರ ಮಾರ್ಚ್‌ನಲ್ಲಿ ಆಗಿನ ಪೊಲೀಸ್ ಕಮಿಷನರ್ ಸಂಜಯ್ ಪಾಂಡೆ ‘ಸಂಡೇ ಸ್ಟ್ರೀಟ್ಸ್’ ಎಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ನಗರದ ಕೆಲವು ರಸ್ತೆಗಳನ್ನು ವಾಹನಗಳಿಗೆ ಮುಚ್ಚಿಸಿದರು. ಬ್ಯಾರಿಕೇಡ್ ಇಟ್ಟ ಅರ್ಧ ಗಂಟೆಯೊಳಗೆ ಮಕ್ಕಳು ಎಲ್ಲಿಂದಲೋ ಸೈಕಲ್ ತಂದು ತುಂಬಿಕೊಂಡರು. ಮೆಟ್ಟಿಲಿನ ಕೆಳಗಿನ ಸೈಕಲ್‌ಗಳೆಲ್ಲ ಹೊರಬರಲು ಬೇಕಾದದ್ದು ಅಷ್ಟೇ ಎಂದು ಆಗ ಗೊತ್ತಾಯಿತು. ಅಧಿಕಾರಿ ಬದಲಾದ ಮೇಲೆ ಇಂಥವು ನಿಲ್ಲುತ್ತವೆ, ಜನ ಕೇಳದಿದ್ದರೆ ನಿಂತೇ ಹೋಗುತ್ತವೆ.

ಆದ್ದರಿಂದ ಕೇಳೋಣ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಏಳೂವರೆಯಿಂದ ಹತ್ತರವರೆಗೆ ಫೈವ್ ಗಾರ್ಡನ್ಸ್ ಸುತ್ತಲಿನ ರಸ್ತೆಗಳನ್ನು ಮಕ್ಕಳ ಸೈಕಲ್‌ಗೆ ಬಿಟ್ಟುಕೊಡಬೇಕು, ಅದೂ ಪ್ರತಿ ವರ್ಷ, ಅಧಿಕಾರಿ ಯಾರೇ ಇರಲಿ. ಅಲ್ಲಿ ವಾಸವಿರುವವರ ಕಾರು, ಆಂಬುಲೆನ್ಸ್ ನಿಧಾನವಾಗಿ ಹೋಗಲು ಒಂದು ದಾರಿ ಇರಲಿ. ಇದಕ್ಕೆ ಹೊಸ ಸೇತುವೆ ಬೇಡ, ಕೋಟಿಗಟ್ಟಲೆ ಟೆಂಡರ್ ಬೇಡ. ಎಂಟು ಹತ್ತು ಬ್ಯಾರಿಕೇಡ್, ನಾಲ್ಕು ಜನ ಪೊಲೀಸರು, ಪಾಲಿಕೆಯ ಎಫ್ ನಾರ್ತ್ ವಾರ್ಡ್‌ನ ಒಂದು ಆದೇಶ ಸಾಕು. ವಡಾಲದ ಎನ್.ಕೆ.ಇ.ಎಸ್. ಶಾಲೆಯ ಪಾಲಕರು, ಮಾಟುಂಗಾದ ಮೈಸೂರು ಅಸೋಸಿಯೇಶನ್, ಈ ಭಾಗದ ನಮ್ಮ ಎಲ್ಲ ಕನ್ನಡ, ತುಳು ಸಂಘಗಳು ನಾಟಕ, ಯಕ್ಷಗಾನಕ್ಕೆ ಜನ ಸೇರಿಸುವ ಹುರುಪಿನಲ್ಲೇ ಈ ಅರ್ಜಿಗೂ ಸಹಿ ಸೇರಿಸಲಿ. ನೀವು ಈ ಭಾಗದವರಾದರೆ ವಾರ್ಡ್ ಕಚೇರಿಗೆ ಒಂದು ಪತ್ರ ಬರೆಯಿರಿ, ಅದರ ಒಂದು ಪ್ರತಿ ಮಾಟುಂಗಾದ ಟ್ರಾಫಿಕ್ ಚೌಕಿಗೂ ಕೊಡಿ. ಫೆಬ್ರವರಿ ಮುಗಿದರೆ ಮುಂದಿನ ಅವಕಾಶಕ್ಕೆ ಒಂಬತ್ತು ತಿಂಗಳು ಕಾಯಬೇಕು.